ತೋಟದ ಪಂಪ್ ಬಾಕ್ಸ್: ರಿಲೇ ಬಿಸಿ ಇಳಿಯಿತು

ಕಾರ್ಕಳದ ತೋಟದ ಪಂಪ್‌ಗೆ ಕಟ್ಟುತ್ತಿರುವ ಟೈಮರ್ ಬಾಕ್ಸ್‌ನಲ್ಲಿ ಈ ವಾರ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಬಿಸಿ ಇಳಿಸುವ ಕೆಲಸ ಹಿಡಿದೆ. ಬೇಸಿಗೆಯಲ್ಲಿ ಅಡಿಕೆಗೆ ನೀರು ಬಿಟ್ಟರೆ ರಿಲೇ ಗಂಟೆಗಟ್ಟಲೆ ಆನ್ ಆಗಿಯೇ ಇರುತ್ತದೆ. ಶೆಡ್ಡಿಗೆ ತಗಡಿನ ಶೀಟು, ಗಾಳಿಯಾಡದ ಪ್ಲಾಸ್ಟಿಕ್ ಬಾಕ್ಸ್, ಮೇಲಿಂದ ನಮ್ಮ ಕರಾವಳಿಯ ಸೆಕೆ.

ರಿಲೇ 12 ವೋಲ್ಟಿನದು, ಅದರೊಳಗಿನ ತಾಮ್ರದ ತಂತಿಯ ಸುರುಳಿ, ಅಂದರೆ ಕಾಯಿಲ್, 400 ಓಮ್. ಲೆಕ್ಕ ಹಾಕಿದರೆ 30 ಮಿಲಿಆಂಪ್, 0.36 ವ್ಯಾಟ್. ಕಾಯಿಲ್ ಒಳಗಿನ ಬಿಸಿ ತಿಳಿಯಲು ಮಲ್ಟಿಮೀಟರ್ ಒಂದೇ ಸಾಕು. ತಾಮ್ರ ಒಂದು ಡಿಗ್ರಿ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಸುಮಾರು ಶೇ. 0.39 ಏರುತ್ತದೆ, ಅಲ್ವಾ? ಕೋಣೆಯಲ್ಲಿ ತಣ್ಣಗಿದ್ದಾಗ 402 ಓಮ್ ಇತ್ತು. ಬಾಕ್ಸ್ ಮುಚ್ಚಿ ಚೆನ್ನಾಗಿ ಓಡಿಸಿ, ವೈರ್ ಬಿಚ್ಚಿದ ಕೂಡಲೇ ಮೀಟರ್ ಇಟ್ಟರೆ 462! ಹತ್ತಿರ ಹತ್ತಿರ 40 ಡಿಗ್ರಿ ಏರಿಕೆ. ಶೆಡ್ಡಿನಲ್ಲಿ ಇದಕ್ಕೆ ಮಧ್ಯಾಹ್ನದ ಬಿಸಿಯೂ ಸೇರುತ್ತದೆ. ಕಾಯಿಲ್ ಹೀಗೆ ಕಾದಿದ್ದರೆ ಮತ್ತೆ ಆನ್ ಆಗಲು ವೋಲ್ಟೇಜೂ ಜಾಸ್ತಿ ಬೇಕು.

ಆರ್ಮೇಚರನ್ನು (ಸ್ವಿಚ್ ಆನ್ ಮಾಡುವ ಒಳಗಿನ ಕಬ್ಬಿಣದ ಪಟ್ಟಿ) ಎಳೆಯುವಾಗ ಮಾತ್ರ ಕಾಯಿಲ್‌ಗೆ ಪೂರ್ತಿ ಶಕ್ತಿ ಬೇಕು. ಒಮ್ಮೆ ಅಂಟಿಕೊಂಡರೆ ನಡುವಿನ ಗಾಳಿಯ ಸಂದು ಮುಚ್ಚುತ್ತದೆ, ಆಮೇಲೆ ಹಿಡಿದಿಡಲು ಸುಮಾರು ಅರ್ಧ ವೋಲ್ಟೇಜ್ ಸಾಕು. ಹಾಗಾಗಿ ಕಾಯಿಲ್‌ಗೆ ಸೀರೀಸ್‌ನಲ್ಲಿ 330 ಓಮ್ ರೆಸಿಸ್ಟರ್ ಹಾಕಿದೆ. ಆ ರೆಸಿಸ್ಟರ್‌ಗೆ ಅಡ್ಡಲಾಗಿ 470 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್. ಶೆಡ್ಡಿನ ಬಿಸಿಗೆ 105 ಡಿಗ್ರಿಯದೇ ಇರಲಿ. ಆಫ್ ಆದಾಗ ಕಾಯಿಲ್ ಎಬ್ಬಿಸುವ ವೋಲ್ಟೇಜ್ ತಡೆಯುವ ಡಯೋಡ್ 1ಎನ್4007 ಕಾಯಿಲ್‌ಗೆ ಮಾತ್ರ ಅಡ್ಡಲಾಗಿ. ಆನ್ ಮಾಡಿದ ಕ್ಷಣ ಕೆಪಾಸಿಟರ್ ಖಾಲಿ, ಕರೆಂಟ್ ರೆಸಿಸ್ಟರನ್ನು ತಪ್ಪಿಸಿ ಅದರ ಮೂಲಕ ಹರಿಯುತ್ತದೆ, ಇಡೀ 12 ವೋಲ್ಟ್ ಕಾಯಿಲ್ ಮೇಲೆ ಬೀಳುತ್ತದೆ. ಕೆಪಾಸಿಟರ್ ತುಂಬುತ್ತಾ ಹೋದಂತೆ ಅದು 9 ವೋಲ್ಟಿಗೆ ಇಳಿಯಲು ಸುಮಾರು 70 ಮಿಲಿಸೆಕೆಂಡ್ ಬೇಕು. ರಿಲೇ ಅಷ್ಟರೊಳಗೆ ಟಕ್ ಎಂದು ಕೂತಿರುತ್ತದೆ. ಕೊನೆಗೆ 6.6 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ.

ಅದೇ ಬಾಕ್ಸ್, ಅದೇ ಪರೀಕ್ಷೆ: ಈಗ 423 ಓಮ್. ಏರಿಕೆ 14 ಡಿಗ್ರಿ ಅಷ್ಟೇ. ತುಂಬಾ ಖುಷಿಯಾಯಿತು.

ಒಂದು ತೊಡಕು ಉಂಟು. ಆಫ್ ಆದ ಮೇಲೆ ಕೆಪಾಸಿಟರ್ ಆ 330 ಓಮ್ ಮೂಲಕವೇ ಖಾಲಿಯಾಗಬೇಕು. ಅದಕ್ಕೆ ಮುಕ್ಕಾಲು ಸೆಕೆಂಡ್ ಹಿಡಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಕಣ್ಣು ಮಿಟುಕಿಸಿದಂತೆ ಹೋಗಿ ಬಂದರೆ ರಿಲೇ ಬಿಟ್ಟುಬಿಡುತ್ತದೆ, ಮತ್ತೆ ಎಳೆಯಲು ಜೋರು ಸಿಗುವುದಿಲ್ಲ. ಟೈಮರ್ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೋದ ಪ್ರೋಗ್ರಾಂನಲ್ಲಿ ಕರೆಂಟ್ ಬಂದ ಮೇಲೆ 5 ಸೆಕೆಂಡ್ ಸುಮ್ನೆ ಕಾಯುವಂತೆ ಬರೆದಿದ್ದೇನೆ. ಮೋಟಾರಿಗೂ ಅದು ಒಳ್ಳೆಯದು.

ಪಂಪಿನ ನಡುಕಕ್ಕೆ ಈ ಕಡಿಮೆ ಹಿಡಿತ ತಡೆಯುತ್ತದೆಯೇ ಎಂದು ಶೆಡ್ಡಿನಲ್ಲೇ ನೋಡಬೇಕು. ಸಡಿಲ ಅನಿಸಿದರೆ 330ರ ಬದಲು 220 ಓಮ್ ಹಾಕುತ್ತೇನೆ.