ರೆಫರೆನ್ಸ್ ಕೇಳಿ ಫೋನ್ ಬಂದಾಗ

ಕೆಲಸ ಬಿಟ್ಟವರ ಬಗ್ಗೆ ಹೊಸ ಕಂಪನಿಯವರು ವಿಚಾರಿಸಿದರೆ, ಎಷ್ಟೋ ಕಡೆ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟನ್ನೇ ಹೇಳುತ್ತಾರೆ. ಕೇಸು ಬೀಳಬಹುದೆಂಬ ಭಯ. ಅರ್ಥವಾಗುತ್ತದೆ. ಆದರೆ ಚೆನ್ನಾಗಿ ದುಡಿದವರಿಗೆ ಇದು ಅನ್ಯಾಯ ಅಲ್ವಾ? ಅವರ ಇಷ್ಟು ವರ್ಷಗಳ ಶ್ರಮ ಎರಡು ತಾರೀಕುಗಳಲ್ಲಿ ಮುಗಿದುಹೋಗುತ್ತದೆ.

ಕೆಲಸ ಬಿಟ್ಟು ಹೋದವರ ಒಪ್ಪಿಗೆ ಪಡೆದು, ಅವರ ಕೆಲಸವನ್ನು ಹತ್ತಿರದಿಂದ ನೋಡಿದ ಮ್ಯಾನೇಜರೇ ಮಾತಾಡಲಿ. ಕಣ್ಣಾರೆ ಕಂಡದ್ದು, ದಾಖಲೆಯಲ್ಲಿ ಇರುವುದು ಮಾತ್ರ. ಕಾಯಿಲೆ, ಬಸಿರು, ಮನೆಯ ವಿಷಯ ಬೇಡವೇ ಬೇಡ. ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಕೊಡುವುದು ಎಳೆದು ಹೇಳುವ ಆ "ಹ್ಞೂಂ... ಪರವಾಗಿಲ್ಲ". ಅದು ಆ ವ್ಯಕ್ತಿಯ ಕಿವಿಗೆ ಬೀಳುವುದೇ ಇಲ್ಲ, ಉತ್ತರ ಕೊಡುವುದೆಲ್ಲಿಂದ? ದೂರು ಇದ್ದಿದ್ದರೆ ಕೆಲಸದಲ್ಲಿದ್ದಾಗಲೇ ಮುಖಕ್ಕೆ ಹೇಳಬೇಕಿತ್ತು. ರಾಜೀನಾಮೆ ಕೊಟ್ಟ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.