ಜಿಯೋಪಾರ್ಕ್‌ಗೆ ಮೊದಲು ಬಂಡೆಗೊಂದು ಕಾಯ್ದೆ ಬೇಕು

ಜಿಯೋಪಾರ್ಕ್ ಎಂದರೆ ಬಂಡೀಪುರ, ನಾಗರಹೊಳೆಗಳಂತೆ ಗಡಿ ಹಾಕಿ ಕಾಯುವ ಇನ್ನೊಂದು ಬಗೆಯ ರಕ್ಷಿತ ಪ್ರದೇಶವೆಂದು ಅನೇಕರು ಭಾವಿಸಿದ್ದಾರೆ. ಯುನೆಸ್ಕೋ 2015ರಿಂದ ನೀಡುತ್ತಿರುವ ಜಾಗತಿಕ ಜಿಯೋಪಾರ್ಕ್ ಮಾನ್ಯತೆಯ ಸ್ವರೂಪವೇ ಬೇರೆ. ಭೂಮಿಯ ಇತಿಹಾಸವನ್ನು ಹೇಳುವ ಮಹತ್ವದ ಶಿಲೆ, ಭೂರೂಪಗಳಿರುವ ಪ್ರದೇಶಕ್ಕೆ ಸಿಗುವ ಮಾನ್ಯತೆ ಅದು. ಅಂಥ ಪ್ರದೇಶದ ಗಡಿಯೊಳಗೆ ಊರು, ಹೊಲ, ರಸ್ತೆಗಳೆಲ್ಲ ಇರಬಹುದು. ಮಾನ್ಯತೆ ದೊರೆತ ಮಾತ್ರಕ್ಕೆ ಅಲ್ಲಿ ಹೊಸ ಕಾನೂನೇನೂ ಜಾರಿಗೆ ಬರುವುದಿಲ್ಲ. ಒಳಗಿನ ಮುಖ್ಯ ಶಿಲಾತಾಣಗಳಿಗೆ ಆಯಾ ದೇಶದ ಕಾನೂನಿನ ರಕ್ಷಣೆ ಮೊದಲೇ ಇರಬೇಕೆಂಬುದು ಯುನೆಸ್ಕೋದ ಷರತ್ತು. ನಾಲ್ಕು ವರ್ಷಕ್ಕೊಮ್ಮೆ ಮರುಪರಿಶೀಲನೆಯೂ ನಡೆಯುತ್ತದೆ.

ಚೀನಾ 2019ರಲ್ಲಿ ತನ್ನ ರಕ್ಷಿತ ಪ್ರದೇಶಗಳನ್ನು ರಾಷ್ಟ್ರೀಯ ಉದ್ಯಾನ, ನಿಸರ್ಗ ಮೀಸಲು, ನಿಸರ್ಗ ಉದ್ಯಾನ ಎಂಬ ಮೂರು ವರ್ಗಗಳಾಗಿ ಮರುವಿಂಗಡಿಸಲು ಹೊರಟಾಗ ಜಿಯೋಪಾರ್ಕ್‌ಗಳನ್ನು ಅರಣ್ಯ ಮತ್ತು ಜೌಗು ಉದ್ಯಾನಗಳೊಂದಿಗೆ ಮೂರನೆಯ ವರ್ಗಕ್ಕೆ ಸೇರಿಸಿತು. ಸ್ಥಾನ ಕೊನೆಯದಾದರೂ ವ್ಯವಸ್ಥೆಯೊಳಗೆ ಸ್ಥಾನವೊಂದು ಇದೆ.

ನಮ್ಮಲ್ಲಿ ಆ ಸ್ಥಾನವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಸಂರಕ್ಷಣಾ ಮೀಸಲು, ಸಮುದಾಯ ಮೀಸಲುಗಳನ್ನು ಗುರುತಿಸುತ್ತದೆ. ಅದರ ಕಾಳಜಿ ಪ್ರಾಣಿ, ಪಕ್ಷಿ, ಗಿಡಮರಗಳದು. ಬಂಡೆಯ ಪಾಲಿಗೆ ಉಳಿದಿರುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಘೋಷಿಸುವ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಗೌರವ ಮಾತ್ರ. ಕರ್ನಾಟಕದಲ್ಲಿ ಅಂಥವು ನಾಲ್ಕಿವೆ: ಸುಮಾರು 300 ಕೋಟಿ ವರ್ಷ ಹಳೆಯದಾದ ಲಾಲ್‌ಬಾಗ್‌ನ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ, ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಗೆ ಸಾಕ್ಷಿಯಾಗಿ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ನಿಂತಿರುವ ಶಿಲಾಕಂಬಗಳು, ನೀರಿನಡಿ ಉಕ್ಕಿದ ಲಾವಾರಸ ದಿಂಬುಗಳಂತೆ ಹೆಪ್ಪುಗಟ್ಟಿರುವ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿ, ಮತ್ತು ಕೋಲಾರ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು. ಲಾಲ್‌ಬಾಗ್‌ನ ಬಂಡೆಗೆ ಉದ್ಯಾನದ ಆವರಣವೇ ಕಾವಲು. ಬಯಲಿನಲ್ಲಿರುವ ಮರಡಿಹಳ್ಳಿಗೆ ಅಂಥ ಆಸರೆಯಿಲ್ಲವೆಂಬುದು ನನ್ನನ್ನು ನಿಜಕ್ಕೂ ಕಾಡುತ್ತದೆ, ಏಕೆಂದರೆ ಕಡಿದ ಕಾಡು ತಲೆಮಾರುಗಳು ಕಳೆದ ಮೇಲಾದರೂ ಚಿಗುರಬಹುದು, ಒಡೆದ ಬಂಡೆ ಮರಳಿ ಕೂಡುವುದಿಲ್ಲ.

ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಭೂಪರಂಪರೆಯ ತಾಣಗಳ ಸಂರಕ್ಷಣೆಗಾಗಿ ಕರಡು ಮಸೂದೆಯೊಂದನ್ನು ಪ್ರಕಟಿಸಿತು. ಅದು ಬೇಕಾದದ್ದೇ. ಆದರೆ ಅಧಿಕಾರವನ್ನೆಲ್ಲ ಕೇಂದ್ರದ ಒಂದೇ ಸಂಸ್ಥೆಯಲ್ಲಿಡುವ ಬದಲು, ಖಾಸಗಿ ಅಥವಾ ಸಮುದಾಯದ ಜಮೀನನ್ನು ಅದರ ಒಡೆಯರೇ ಮುಂದೆ ಬಂದು ರಕ್ಷಣೆಗೆ ಒಪ್ಪಿಸಿ, ಸಮಿತಿಯ ಮೂಲಕ ನೋಡಿಕೊಳ್ಳುವ ಸಮುದಾಯ ಮೀಸಲಿನ ಮಾದರಿಯನ್ನು ಶಿಲಾತಾಣಗಳಿಗೂ ವಿಸ್ತರಿಸಬೇಕು. ಸ್ಥಳೀಯರ ಪಾಲ್ಗೊಳ್ಳುವಿಕೆಯನ್ನೇ ಆಧಾರವಾಗಿಸಿಕೊಂಡಿರುವ ಜಿಯೋಪಾರ್ಕ್‌ಗೆ ನಮ್ಮ ಕಾನೂನಿನಲ್ಲಿ ಅತಿ ಸಮೀಪವಾಗಿರುವ ಏರ್ಪಾಡು ಅದೇ.