ಒಂದ್ಸಲ ಹೇಳಿದ್ನಲ್ಲ ಯಜಮಾನ್ರೆ

ಸೋಮವಾರದಿಂದ ಈ ಒಂದು ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಊಟಕ್ಕೆ ಕೂತರೂ ಅದೇ, ರಾತ್ರಿ ಮಲಗಿದರೂ ಅದೇ. ಬರೆದರೆ ಸ್ವಲ್ಪ ಇಳಿಯಬಹುದು ಅಂತ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹತ್ತೂವರೆಗೆ ಹೆಲ್ಪರ್ ಹುಡುಗ ಫೋನ್ ಮಾಡಿದ. "ಅಣ್ಣಾ, ಚೈನ್ ಬಿಚ್ಕಂಡೈತಿ." ನಮ್ಮ ಡೋಜರ್, ಚಕ್ರದ ಬದಲು ಕಬ್ಬಿಣದ ಚೈನ್ ಮೇಲೆ ಓಡುವ ಮಣ್ಣು ತಳ್ಳುವ ಗಾಡಿ, ಭರಮಸಾಗರದಿಂದ ಒಳಗೆ ಒಂದು ಹೊಲದಲ್ಲಿತ್ತು. ತುಂಗಭದ್ರೆ ನೀರು ಅಲ್ಲಿನ ಕೆರೆಗೆ ಬಂದ ಮೇಲೆ ಆ ಕಡೆ ಅಡಿಕೆ ಹಾಕೋರು ಜಾಸ್ತಿ, ಏರುತಗ್ಗಿನ ಹೊಲ ಮಟ್ಟ ಮಾಡಿಸೋರೂ ಜಾಸ್ತಿ. ದಾವಣಗೆರೆಯಿಂದ ನಾನು ಹೋಗಿ ಸೇರುವ ಹೊತ್ತಿಗೆ ಗಾಡಿ ಬದುವಿನ ಇಳಿಜಾರಲ್ಲಿ ವಾಲಿಕೊಂಡು ನಿಂತಿತ್ತು. ಎಡಗಡೆ ಚೈನ್ ಐಡ್ಲರ್ (ಚೈನ್ ಸುತ್ತಿ ಬರುವ ಮುಂದಿನ ಗಾಲಿ) ಮೇಲಿಂದ ಜಾರಿ ಪಕ್ಕಕ್ಕೆ ಬಿದ್ದಿತ್ತು. ಹೊಲದವರು ನೆರಳಲ್ಲಿ ನಿಂತು ಯಾರಿಗೋ ಫೋನಲ್ಲಿ ಜೋರಾಗಿ ಹೇಳುತ್ತಿದ್ದರು, ಹಳೇ ಗಾಡಿ ಕರೆಸಿದ್ದೇ ತಪ್ಪಾಯ್ತು ಅಂತ. ಅವರಿಗೆ ಬೇಜಾರಾಗೋದು ಸರಿ. ಆದರೆ ಹಿಂದಿನ ದಿನವೆಲ್ಲ ಹಿಂದಕ್ಕೆ ಬರುವಾಗ ಜೋರಾಗಿ ಬನ್ನಿ, ಗಂಟೆ ಲೆಕ್ಕ ಓಡ್ತಿದೆ ಅಂತ ಕೂಗುತ್ತಾ ಇದ್ದವರೂ ಅವರೇ. ರಿವರ್ಸಲ್ಲಿ ಜೋರಾಗಿ ಓಡಿಸಿದಷ್ಟೂ ಚೈನಿನ ಕೀಲಲ್ಲಿರುವ ಕೊಳವೆ, ಬುಷ್, ಬೇಗ ಸವೆಯುತ್ತದೆ. ಬಾಡಿಗೆಗೆ ಕರೆಯೋರು ಅದನ್ನು ಯಾಕೆ ಯೋಚಿಸುತ್ತಾರೆ?

ಮಧ್ಯಾಹ್ನ ಮೇಸ್ತ್ರಿ ಬಂದರು. ದಾವಣಗೆರೆಯಲ್ಲಿ ಚೈನಿನ ಪಿನ್ನು ಬುಷ್ಷು ಒತ್ತಿ ತೆಗೆಯುವ ಪ್ರೆಸ್ ಇಟ್ಟುಕೊಂಡು ಕೆಲಸ ಮಾಡೋರು. ಮಾತು ಒರಟು, ಮಾಲೀಕರೆಲ್ಲ ಒಂದೇ ಜಾತಿ ಅನ್ನೋ ನಂಬಿಕೆ ಅವರದು. ಸುಮಾರು ಮಟ್ಟಿಗೆ ಅದು ನಿಜವೂ ಹೌದು. ಬಂದವರು ಚೈನ್ ನೋಡಲೇ ಇಲ್ಲ, ಮೊದಲು ಐಡ್ಲರ್ ಎಷ್ಟು ಮುಂದಕ್ಕೆ ಹೋಗಿದೆ ಅಂತ ನೋಡಿದರು. "ಗ್ರೀಸ್ ಹೊಡ್ದು ಹೊಡ್ದು ಇಲ್ಲಿಗೆ ತಂದೀರಿ. ಇನ್ನ ಮುಂದಕ್ಕೆ ಜಾಗನೇ ಇಲ್ಲ." ಆಮೇಲೆ ನನ್ನ ಕೈ ಹಿಡಿದು ಒಂದು ಬುಷ್ ಮೇಲೆ ಬೆರಳು ಇಡಿಸಿದರು. ಒಂದು ಕಡೆ ದುಂಡಗಿದೆ. ಇನ್ನೊಂದು ಕಡೆ ಬೆರಳು ಒಳಗೆ ಇಳಿಯುವಷ್ಟು ತಗ್ಗು. ತಗ್ಗಿನ ನಡುವೆ ಉಗುರಿಗೆ ತಾಗುವ ಸೀಳು. "ದೀಪಾವಳಿಗೆ ತಂದಿದ್ರೆ ತಿರುಗಿಸಿ ಕೊಡ್ತಿದ್ದೆ. ಈಗ ಒಡೆದೈತಿ, ಏನ್ ತಿರುಗಿಸ್ಲಿ?"

ನಾನು ಹಿಂದೆ ತಿರುಗಿ, ಎಲ್ಲರ ಎದುರಿಗೇ, ಆಪರೇಟರ್ ಮಾಮನನ್ನು ಕೇಳಿಬಿಟ್ಟೆ. "ನೀವ್ಯಾಕೆ ಹೇಳ್ಲಿಲ್ಲ?"

ಮಾಮ ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ. ಸಿಟ್ಟೂ ಇರಲಿಲ್ಲ. "ಒಂದ್ಸಲ ಹೇಳಿದ್ನಲ್ಲ ಯಜಮಾನ್ರೆ."

ಹೇಳಿದ್ದರು. ಆಯುಧಪೂಜೆ ದಿನ. ಗಾಡಿ ತೊಳೆದು, ಚೆಂಡುಹೂವು ಕಟ್ಟಿ, ಕುಂಬಳಕಾಯಿ ಒಡೆದು ಎಲ್ಲ ಮುಗಿದ ಮೇಲೆ ಹತ್ತಿರ ಬಂದು "ಚೈನ್ ಬೆಳ್ದೈತಿ, ಪಿನ್ನು ಬುಷ್ಷು ತಿರುಗಿಸ್ಬೇಕು" ಅಂದಿದ್ದರು. ನಾನು "ನೋಡೋಣ, ಈ ಸೀಸನ್ ಮುಗೀಲಿ" ಅಂದಿದ್ದೆ. ಮರುದಿನ ಎರಡು ಡಬ್ಬ ಗ್ರೀಸ್ ತಂದುಕೊಟ್ಟೆ. ಅದರಲ್ಲೇ ನನ್ನ ಕೆಲಸ ಮುಗೀತು ಅಂದುಕೊಂಡಿದ್ದೆ.

ಚೈನ್ ಬೆಳೆಯೋದು ಅಂದರೆ ಕಬ್ಬಿಣ ಉದ್ದ ಆಗೋದಲ್ಲ. ಪ್ರತಿ ಲಿಂಕಿನ ಕೀಲಲ್ಲಿ ಒಂದು ಪಿನ್, ಅದರ ಮೇಲೊಂದು ಬುಷ್. ಪಿನ್ನಿನ ಹೊರಮೈ, ಬುಷ್ಷಿನ ಒಳಮೈ ಕೂದಲೆಳೆಯಷ್ಟು ಸವೆದರೂ ಸಾಕು, ಅಷ್ಟೂ ಕೀಲುಗಳದ್ದು ಸೇರಿ ಇಡೀ ಚೈನ್ ಉದ್ದ ಆಗುತ್ತದೆ. ಆಗ ಸಡಿಲ ಕಾಣುತ್ತದೆ. ಗ್ರೀಸ್ ಗನ್ ಹಚ್ಚಿ ಅಡ್ಜಸ್ಟರ್‌ಗೆ ಹೊಡೆದರೆ ಐಡ್ಲರ್ ಮುಂದಕ್ಕೆ ತಳ್ಳಿಕೊಂಡು ಚೈನ್ ಮತ್ತೆ ಬಿಗಿ. ಐಡ್ಲರ್‌ಗೂ ಮೇಲಿನ ರೋಲರ್‌ಗೂ ನೇರ ಕೋಲು ಇಟ್ಟು ಎಷ್ಟು ಜೋತಿದೆ ಅಂತ ನಾನು ಅಳೆಯುತ್ತಿದ್ದೆ. ಪ್ರತಿ ಸಲ ಸರಿಯಾಗೇ ಬರುತ್ತಿತ್ತು. ಆದರೆ ಉದ್ದ ಆದ ಕೀಲು ಉದ್ದವಾಗೇ ಇರುತ್ತದಲ್ವಾ. ಚೈನ್ ಎಳೆಯುವ ಹಲ್ಲಿನ ಗಾಲಿ ಸ್ಪ್ರಾಕೆಟ್. ಬುಷ್ ಅದರ ಹಲ್ಲಿನ ತಳದಲ್ಲಿ ಕೂರುವ ಬದಲು ಮೇಲಕ್ಕೆ ಹತ್ತುತ್ತದೆ, ಹಲ್ಲನ್ನು ತಿಂದು ಮೊನೆ ಮಾಡುತ್ತದೆ. ಸೋಮವಾರ ನಮ್ಮ ಸ್ಪ್ರಾಕೆಟ್ ನೋಡಿದೆ, ಎಡಗಡೆ ಹಲ್ಲುಗಳೆಲ್ಲ ಈಟಿ ತುದಿ ಥರ ಆಗಿದ್ದವು. ದಿನಾ ನೋಡುವ ಗಾಡಿ, ಕಣ್ಣಿಗೆ ಬಿದ್ದಿರಲಿಲ್ಲ.

ಅಪ್ಪ ಬೇರೆ ಥರ ಅಳೆಯುತ್ತಿದ್ದರು. ಹಳೇ ಪಿನ್ ಒಂದನ್ನು ಸ್ಪ್ರಾಕೆಟ್ ಹಲ್ಲಿಗೂ ಚೈನಿಗೂ ನಡುವೆ ಸಿಕ್ಕಿಸಿ, ಮಾಮನಿಗೆ ಸ್ವಲ್ಪವೇ ರಿವರ್ಸ್ ತಗೊಳ್ಳೋಕೆ ಹೇಳಿ, ಮೇಲಿನ ಚೈನ್ ಪೂರ್ತಿ ಎಳೆದು ನಿಂತ ಮೇಲೆ ನಾಲ್ಕು ಲಿಂಕಿನ ಉದ್ದಕ್ಕೆ ಟೇಪ್ ಹಿಡಿಯೋದು. ಚೈನ್ ಬಿಚ್ಚಿ ಕೂಡಿಸುವ ಮಾಸ್ಟರ್ ಪಿನ್ ಇರುವ ಜಾಗ ಬಿಟ್ಟು. ಅಮಾವಾಸ್ಯೆ ಅಮಾವಾಸ್ಯೆಗೆ ಗಾಡಿ ಪೂಜೆ ಆದ ಮೇಲೆ ಈ ಕೆಲಸ, ನೋಟ್‌ಬುಕ್ಕಲ್ಲಿ ಬರೆದಿಡೋದು. ಗಾಡಿ ಮುಂದಕ್ಕೆ ಹೋಗುವಾಗ ಸ್ಪ್ರಾಕೆಟ್ ಬುಷ್ಷಿನ ಒಂದೇ ಕಡೆ ಒತ್ತುತ್ತದೆ. ಅದಕ್ಕೇ ಆ ಕಡೆ ಸವೆದಾಗ ಪ್ರೆಸ್ಸಲ್ಲಿ ಹೊರಗೆ ತೆಗೆದು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಮೈ ಕೆಲಸಕ್ಕೆ ಬರುತ್ತದೆ, ಅದೇ ಚೈನ್ ಇನ್ನೊಂದು ಆಯಸ್ಸು ಬಾಳುತ್ತದೆ. ಹೊತ್ತು ಮೀರಿದರೆ ಮಾತ್ರ ಆಗಲ್ಲ.

ನಮ್ಮದು ಕೆಜಿಎಫ್‌ನ ಬಿಇಎಂಎಲ್ ಕಾರ್ಖಾನೆಯಿಂದ ಬಂದ ಡಿ-50. ಅಪ್ಪ ಹರಾಜಲ್ಲಿ ಹಿಡಿದಿದ್ದು. ಅವತ್ತಿಂದ ಮಾಮನೇ ಅದರ ಮೇಲೆ ಕೂತಿದ್ದಾರೆ. ಅಪ್ಪ ಇರುವವರೆಗೆ ಅವರಿಬ್ಬರಿಗೂ ದಿನಾ ಜಗಳ. "ಆ ಪ್ಲೇಟ್ ಬೋಲ್ಟ್ ಲೂಸಾಗೈತಿ ಅಂದ್ನಲ್ಲ, ಕಿವಿ ಕೇಳ್ಸಲ್ಲೇನು ನಿಂಗೆ?" ಅಂತ ಮಾಮ ಅಪ್ಪನಿಗೇ ಬೈಯುತ್ತಿದ್ದರು. ನನ್ನನ್ನು "ತಮ್ಮಾ" ಅನ್ನುತ್ತಿದ್ದರು. ಅಪ್ಪ ಹೋಗಿ ಹನ್ನೊಂದನೇ ದಿನದ ಊಟ ಆದ ಮಾರನೇ ದಿನವೇ "ಯಜಮಾನ್ರೆ" ಅಂದರು. ನಾನು ಬೇಡ ಅನ್ನಲಿಲ್ಲ. ಒಳಗೆ ಒಂಥರಾ ಖುಷಿಯೂ ಆಗಿತ್ತು. ಆ ದಿನದಿಂದ ಮಾಮ ನನ್ನ ಹತ್ತಿರ ಯಾವುದನ್ನೂ ಎರಡನೇ ಸಲ ಹೇಳಿಲ್ಲ. ಇದು ನನಗೆ ಹೊಳೆದದ್ದು ಈ ಸೋಮವಾರ, ಬೆರಳು ಬುಷ್ ಮೇಲೆ ಇರುವಾಗ.

ಇನ್ನೊಂದು ನೋಡಿದೆ ಅವತ್ತು. ಚೈನ್ ಬಿಚ್ಚೋಕೆ ಮೊದಲು ಅಡ್ಜಸ್ಟರಿನ ಗ್ರೀಸ್ ಬಿಡಬೇಕು. ಹುಡುಗ ಸ್ಪ್ಯಾನರ್ ಹಿಡಿದು ಅದರ ಎದುರಿಗೇ ಕುಕ್ಕರಗಾಲಲ್ಲಿ ಕೂತ. ಮಾಮ ಅವನ ತೋಳು ಹಿಡಿದು ಎಳೆದರು. "ಎದುರಿಗೆ ಕೂರ್ಬೇಡ. ಪಕ್ಕಕ್ಕೆ ಬಾ. ಒಂದು ಸುತ್ತು, ಅದಕ್ಕಿಂತ ಜಾಸ್ತಿ ತಿರುಗಿಸ್ಬೇಡ." ಆ ಒಳಗಿನ ಒತ್ತಡಕ್ಕೆ ಪ್ಲಗ್ ಹಾರಿದರೆ ಗುಂಡಿನ ಹಾಗೆ ಬರುತ್ತದೆ, ಗ್ರೀಸ್ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ, ಜೀವವೇ ಹೋಗಬಹುದು. ಹುಡುಗ ಹೂಂ ಅಂದ. ಮಾಮ ಮತ್ತೆ ಹೇಳಿದರು. ಅವನು ಪ್ಲಗ್‌ಗೆ ಸ್ಪ್ಯಾನರ್ ಹಚ್ಚಿದಾಗ ಮೂರನೇ ಸಲ ಹೇಳಿದರು, ಬೈದೇ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಹುಡುಗನಿಗೆ ಮೂರು ಸಲ, ನನಗೆ ಒಂದು ಸಲ.

ನಾನೂ ಆ ಕಡೆ ಇದ್ದವನೇ. ಹರಿಹರದ ಹತ್ತಿರ ಒಂದು ಆಫೀಸಲ್ಲಿ ಆರು ವರ್ಷ ಲೆಕ್ಕ ಬರೆದಿದ್ದೇನೆ. ಒಂದು ಬಿಲ್ಲು ಎರಡೆರಡು ಸಲ ಪಾಸಾಗುತ್ತಿದೆ ಅಂತ ಮೇಲಿನವರಿಗೆ ಹೇಳಿದೆ. ಕತ್ತೆತ್ತದೆ "ನೋಡೋಣ" ಅಂದರು. ಮತ್ತೆ ಹೇಳಲಿಲ್ಲ ನಾನು. ಎರಡನೇ ಸಲ ಹೇಳಿದರೆ ಇವನಿಗೇನು ಅಧಿಕಪ್ರಸಂಗ ಅನ್ನುತ್ತಾರೆ, ಮೂರನೇ ಸಲಕ್ಕೆ ಕೆಲಸಕ್ಕೇ ಕುತ್ತು. ಸಂಬಳ ತಗೊಳ್ಳೋರು ಯಾರೇ ಇರಲಿ, ಆ ಒಂದು ಸಲದ ಮಾತಿಗೆ ಎಷ್ಟೋ ದಿನ ಧೈರ್ಯ ಕೂಡಿಸಿಕೊಂಡಿರುತ್ತಾರೆ. ಹೂ ಕಟ್ಟಿದ ಗಾಡಿ ಮುಂದೆ, ಯಜಮಾನ ಖುಷಿಯಲ್ಲಿರೋ ಗಳಿಗೆ ನೋಡಿ ಮಾಮ ಬಂದಿದ್ದರು. ನಾನು ಅಂದಿದ್ದೂ ಅದೇ ಮಾತು, "ನೋಡೋಣ". ಆ ಆಫೀಸಿನವರನ್ನು ವರ್ಷಗಟ್ಟಲೆ ಮನಸ್ಸಲ್ಲೇ ಬೈದುಕೊಂಡ ಬಾಯಲ್ಲೇ ಅದು ಬಂದಿತ್ತು.

ಪಕ್ಕದ ಹೊಲದಲ್ಲಿ ಹಿಟಾಚಿ ಇಟ್ಟುಕೊಂಡವರೊಬ್ಬರು ಬಂದು, ಗುಜರಿಗೆ ಹಾಕಿ, ಈ ಕಾಲಕ್ಕೆ ಯಾರಿಗೆ ಬೇಕು ಡೋಜರ್ ಅಂದರು. ನನಗೆ ಸರಿ ಕಾಣಲಿಲ್ಲ. ಹೊಲ ಮಟ್ಟ ಮಾಡೋಕೆ, ಕೆರೆ ಹೂಳನ್ನು ಎಳೆದು ಹರಡೋಕೆ ಬ್ಲೇಡಿನ ಗಾಡಿಯೇ ಆಗಬೇಕು. ಅವರ ಗಾಡಿಯ ಚೈನ್ ತುಂಬಾ ಎರೆಮಣ್ಣು ಒಣಗಿ ಕಲ್ಲಾಗಿತ್ತು. ನಮ್ಮ ಹುಡುಗ ಸಂಜೆ ಹಾರೆ ಹಿಡಿದು ಕೆರೆದು ತೆಗೆಯದೆ ಮನೆಗೆ ಹೋಗಲ್ಲ. ಆ ಮಣ್ಣು ಹಲ್ಲಿನ ಸಂದಿಗೆ ತುಂಬಿಕೊಂಡರೆ ಚೈನ್ ತಾನಾಗೇ ಬಿಗಿದುಕೊಂಡು ಎಲ್ಲವನ್ನೂ ತಿನ್ನುತ್ತದೆ.

ಮಂಗಳವಾರ ಚೈನ್‌ಗಳನ್ನು ಲಾರಿಯಲ್ಲಿ ದಾವಣಗೆರೆಗೆ ತಂದೆವು. ಬಲಗಡೆಯದು ತಿರುಗಿಸುವ ಸ್ಥಿತಿಯಲ್ಲಿತ್ತು. ಬದು ಕೆಲಸದಲ್ಲಿ ಎಡಗಡೆಯೇ ಯಾವಾಗಲೂ ಇಳಿಜಾರಿಗೆ ಇರುತ್ತಿತ್ತು, ಭಾರ ಆ ಕಡೆ ಬಿದ್ದು ಅದೇ ಹೋಗಿದ್ದು. ಎಡಗಡೆ ಚೈನಿಗೆ ಪಿನ್ನು ಬುಷ್ಷು ಎಲ್ಲ ಹೊಸದು. ಹೊಸ ಬುಷ್ಷಿಗೆ ಮೊನೆ ಹಲ್ಲು ಆಗಲ್ಲ, ಹಾಗಾಗಿ ಸ್ಪ್ರಾಕೆಟ್ಟೂ ಹೊಸದು. ಆಯುಧಪೂಜೆ ಆದ ವಾರವೇ ಮಾಡಿಸಿದ್ದರೆ ಆಗುತ್ತಿದ್ದ ಖರ್ಚಿನ ಮೂರು ಪಟ್ಟು ಆಯಿತು. ದುಡ್ಡು ಹೇಗೋ ಹೊಂದಿಸಬಹುದು.

ಶನಿವಾರ ಸಂಜೆ ಹೊಲದಲ್ಲೇ ಚೈನ್ ಏರಿಸಿ, ಮಾಸ್ಟರ್ ಪಿನ್ ಹೊಡೆದು, ಗಾಡಿ ಹಿಂದಕ್ಕೆ ಮುಂದಕ್ಕೆ ಓಡಿಸಿ, ಜೋತು ಎಷ್ಟಿದೆ ಅಂತ ಮತ್ತೆ ನೋಡಿದೆವು. ನಾನು ಹೊಲದವರ ಜೊತೆ ಫೋನಲ್ಲಿದ್ದೆ. ಮಾಮ ಇಳಿದು ಬಂದು, ನನ್ನ ಕಡೆ ನೋಡದೆ, ಮೆಲ್ಲಗೆ "ಎಡಗಡೆ ಮೂರನೇ ರೋಲರ್ ಎಣ್ಣೆ ಬಿಡ್ತೈತಿ" ಅಂದರು.

ಫೋನ್ ಕಟ್ ಮಾಡಿದೆ. ಟಾರ್ಚ್ ತಗೊಂಡು ನೆಲದ ಮೇಲೆ ಮಲಗಿ ನೋಡಿದೆ. ರೋಲರ್ ಪಕ್ಕ ಧೂಳು ಒದ್ದೆಯಾಗಿ ಮೆತ್ತಿಕೊಂಡಿತ್ತು.

"ಎಷ್ಟು ದಿನದಿಂದ ಮಾಮಾ?"

"ಸಂಕ್ರಾಂತಿಯಿಂದ."

"ಮತ್ತೇನೇನೈತಿ? ಎಲ್ಲಾ ಹೇಳ್ರಿ."

ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಮುಂದಿನ ಐಡ್ಲರ್ ಹತ್ತಿರ ಹೋಗಿ ಬಗ್ಗಿ, ಅಲ್ಲಿಂದ ಶುರು ಮಾಡಿದರು. ಹುಡುಗ ಸೀಟಿನ ಕೆಳಗಿಂದ ಅಪ್ಪನ ನೋಟ್‌ಬುಕ್ ತಂದುಕೊಟ್ಟ. ಏಳು ಬರೆದೆ. ಎಂಟನೆಯದು ಹೇಳುವಾಗ ಕತ್ತಲಾಗಿತ್ತು, ಹುಡುಗ ಟಾರ್ಚ್ ಹಿಡಿದ.